ಎಣಿಸದ ಹಿಂಡು

ಉದಗೀರ
9 ಜೂನ್ 2025

ಸಾರಿಕಾ,

ಪಾಕೀಟಿನ ಮೇಲಿನ ಅಕ್ಷರ ನೋಡಿದೊಡನೆ ಯಾರೆಂದು ಗೊತ್ತಾಗಿರುತ್ತದೆ. ಹರಿಯುವುದಿದ್ದರೆ ಓದಿದ ಮೇಲೆ ಹರಿ. ನಿನ್ನ ಅಂಗಡಿಯ ಬೋರ್ಡಿನ ಮೇಲಿರುವ ನಂಬರಿಗೆ ಮೂರು ಸಲ ಫೋನ್ ಮಾಡಿದೆ. "ನಾ ಉಜ್ವಲಾ" ಅನ್ನುವಷ್ಟರಲ್ಲಿ ನೀನು ಫೋನ್ ಇಟ್ಟುಬಿಟ್ಟೆ. ನಾಲ್ಕನೆಯ ಸಲ ಕರೆ ಹೋಗಲೇ ಇಲ್ಲ. ಮೊಬೈಲ್ ರಿಪೇರಿ ಮಾಡುವವಳಿಗೆ ಒಂದು ನಂಬರು ಬ್ಲಾಕ್ ಮಾಡುವುದು ಎಷ್ಟರ ಕೆಲಸ! ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ನಾವಿಬ್ಬರೂ ಕನ್ನಡ ಶಾಲೆಯಲ್ಲಿ ಕಲಿತವರು. ಕಾಲೇಜಿನಲ್ಲಿ ಎಲ್ಲರೊಡನೆ ಮರಾಠಿ ಮಾತಾಡಿದರೂ ನಮ್ಮ ಜಗಳ ಮಾತ್ರ ಕನ್ನಡದಲ್ಲೇ ನಡೆಯುತ್ತಿತ್ತು.

ವಿಷಯಕ್ಕೆ ಬರುತ್ತೇನೆ. ನಮ್ಮ 'ಹಟ್ಟಿಗೆ ನಡಿ' ಮತ್ತೆ ಎದ್ದು ಕೂತಿದೆ. ಹೌದು, ಅದೇ. ಪಾಲಿಟೆಕ್ನಿಕ್ ಹಾಸ್ಟೆಲಿನ ಕೋಣೆಯಲ್ಲಿ ನೀನು ನಿಮ್ಮ ಹಟ್ಟಿಯ ಕುರಿಗಳನ್ನೇ ನೆನೆದು ಒಂದೊಂದಾಗಿ ಬರೆದು, ನಾನು ಕೋಡ್ ಬರೆದು, ನಿಮ್ಮೂರು ದಾಳಿಂಬದ ಹೊಲಕ್ಕೆ ಹೋಗಿ ನಿನ್ನ ಅವ್ವನ ಕೂಗನ್ನು ರೆಕಾರ್ಡ್ ಮಾಡಿಕೊಂಡು ಬಂದು ಕೀಪ್ಯಾಡ್ ಫೋನಿಗೆಂದು ಮಾಡಿದ ಆಟ. ಈಗ ಹಳೆಯ ಫೋನಿನ ಆಟಗಳನ್ನು ಹೊಸ ಫೋನಿನಲ್ಲಿ ಆಡಿಸುವ ಆ್ಯಪ್ ಬಂದಿದೆ. ಯಾರೋ ಪುಣ್ಯಾತ್ಮ ನಮ್ಮದನ್ನೂ ಎಲ್ಲಿಂದಲೋ ಹೆಕ್ಕಿ ಅದರಲ್ಲಿ ಹಾಕಿದ್ದಾನೆ. ನನ್ನ ಕಂಪ್ಯೂಟರ್ ಕ್ಲಾಸಿನ ಹುಡುಗಿಯೊಬ್ಬಳು ತೋರಿಸಿದಳು: ದೂರದೇಶದವನೊಬ್ಬ ಆಡುತ್ತಿದ್ದಾನೆ, ಸಾವಿರಾರು ಜನ ಕೂತು ನೋಡುತ್ತಿದ್ದಾರೆ. ಬೆಳಗಿನಿಂದ ಮೇಯಿಸಿದ ಕುರಿಗಳನ್ನು ಹೊತ್ತು ಮುಳುಗುವ ಮೊದಲು ಹಟ್ಟಿಗೆ ಸೇರಿಸಬೇಕು, ಸ್ಕೋರಿಲ್ಲ. ಎಷ್ಟು ಬಂದವು ಎಂದು ಆಟ ಹೇಳುವುದಿಲ್ಲ. ಮುಖ ನೋಡಿ, ಯಾರು ಬಂದಿಲ್ಲ ಎಂದು ಆಡುವವನೇ ಗುರುತಿಸಬೇಕು. ಆಗ ಇದನ್ನೇ ಹಳಿದರು, ಈಗ ಇದಕ್ಕೇ ಹುಚ್ಚಾಗಿದ್ದಾರೆ. ಕೊನೆಗೆ "ಬರ್ರೇ... ಬರ್ರೇ ಯವ್ವಾ" ಎಂದು ನಿನ್ನ ಅವ್ವ ಕೂಗಿದಾಗ ಅವನೂ ಕೂಗಿದ. ನಾಯಿ ಬೊಗಳಿತು. ಎಲ್ಲರೂ ಬಂದಿದ್ದರೆ ಮಾತ್ರ ಬೊಗಳುತ್ತದೆ, ನೆನಪಿದೆಯಲ್ಲ? ಅವನು ಕುರ್ಚಿಯಿಂದ ಎದ್ದು ಕುಣಿದ.

ಆಟದ ಮೊದಲ ಚಿತ್ರವನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡವರೂ ಇದ್ದಾರೆ. ಕಂಬಳಿ ಹೊದ್ದ ಅವ್ವ, ಪಕ್ಕದಲ್ಲಿ ಕರಿ ಕಿವಿಯ ಕುರಿ. ಯಾರದೋ ಎದೆಯ ಮೇಲೆ ನಿನ್ನ ಅವ್ವ!

ಪುಣೆಯ ಒಂದು ಕಂಪನಿ ಇದನ್ನು ಹೊಸದಾಗಿ ಹೊರತರುತ್ತದಂತೆ. ಶೈಲೇಶ ಎಂಬವರು ಮಾತಾಡಿದರು. ಮಾಡಿದವರೆಂದು ನಮ್ಮಿಬ್ಬರ ಹೆಸರು ಇರುತ್ತದೆ. ಅವರದು ಒಂದೇ ಮಾತು: ಪರದೆಯ ಮೂಲೆಯಲ್ಲಿ ಕುರಿಗಳ ಎಣಿಕೆ ಕಾಣಬೇಕು. ಇಬ್ಬರ ಸಹಿಯೂ ಬೇಕು. ಕಾಗದ ಇದರೊಂದಿಗೆ ಇದೆ.

ನಿನ್ನ ಅವ್ವನನ್ನು ಕೇಳಿದೆನೆಂದು ಹೇಳು. ಹೇಳಬೇಕೆನ್ನಿಸಿದರೆ.

ಒಂದು ಕಾಲದಲ್ಲಿ ನಿನ್ನ ಪಕ್ಕದ ಮಂಚದವಳು,
ಉಜ್ವಲಾ

*

ಉಮರ್ಗಾ
17 ಜೂನ್ 2025

ಉಜ್ವಲಾ,

ಹರಿಯಲಿಲ್ಲ. ಓದಿದೆ. ಉತ್ತರ ಇಷ್ಟೇ: ಆಗುವುದಿಲ್ಲ.

ಆದರೆ ಇಷ್ಟಕ್ಕೇ ಬಿಡುವವಳು ನಾನಲ್ಲ ಎಂದು ನಿನಗೂ ಗೊತ್ತು. "ಮತ್ತೆ ಎದ್ದು ಕೂತಿದೆ" ಎಂದು ಬರೆದಿದ್ದೀ. ಅದು ಮಲಗಿತ್ತೆಂದು ನಿನಗೆ ಹೇಳಿದವರಾರು? ಬಸ್ ನಿಲ್ದಾಣದ ಎದುರು ಈ ಅಂಗಡಿ ಹಾಕಿದಾಗ ಎಲ್ಲರೂ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳಲು ಬರುತ್ತಿದ್ದರು. ಬಂದ ಒಂದೊಂದು ಕಾರ್ಡಿಗೂ ನಾನು ಆ ಆಟವನ್ನು ಹಾಕಿ ಕಳಿಸಿದೆ, ಅವರು ಕೇಳಲಿ ಬಿಡಲಿ. ಸೊಲ್ಲಾಪುರ–ಹೈದರಾಬಾದ್ ರಸ್ತೆಯ ಲಾರಿ ಡ್ರೈವರುಗಳ ಜೇಬಿನಲ್ಲಿ ಅದು ಎಲ್ಲೆಲ್ಲಿಗೆ ಹೋಯಿತೋ ನನಗೇ ಗೊತ್ತಿಲ್ಲ. ನಿನ್ನ ಪುಣ್ಯಾತ್ಮ ಹೆಕ್ಕಿದ್ದು ಎಣಿಕೆ ಇಲ್ಲದ ಆಟವನ್ನು, ನನ್ನ ಅಂಗಡಿಯಿಂದ ಹೋದದ್ದನ್ನು. ನೀನು ಎಣಿಕೆ ಹಚ್ಚಿ ಸರ್ಟಿಫಿಕೇಟು ಗೆದ್ದದ್ದು ಎಲ್ಲಿದೆ? ಅದನ್ನು ಯಾರಾದರೂ ಹುಡುಕಿದರೇ?

ಮರೆತಿದ್ದರೆ ನೆನಪಿಸುತ್ತೇನೆ. ಕುರಿಗಳನ್ನು ಬಾಯಿಬಿಟ್ಟು ಎಣಿಸಬಾರದು ಎಂಬುದು ನಮ್ಮ ಮನೆಯ ರೀತಿ. ಸಂಜೆ ಅವ್ವ ಹಟ್ಟಿಯ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಾಳೆ. "ಬೀರಪ್ಪ ದೇವರ ಹಿಂಡು ಅದ. ಎಣಿಸೋರು ನಾವ್ಯಾರು?" ಅನ್ನುತ್ತಾಳೆ. ಆ ಮಾತಿನಿಂದಲೇ ಆಟ ಹುಟ್ಟಿತ್ತು. ಹಾಸ್ಟೆಲಿನಲ್ಲಿ ಇದನ್ನು ಹೇಳಿದಾಗ "ಎಷ್ಟು ಚಂದ ಅದ ಸಾರಿಕಾ, ಹಿಂಗೇ ಮಾಡೂಣು" ಎಂದವಳು ನೀನೇ.

ಫೆಬ್ರವರಿ 2011. ಕಾಲೇಜಿನ ಸ್ಪರ್ಧೆ. ಅವ್ವ ದಾಳಿಂಬದಿಂದ ಎರಡು ಬಸ್ ಬದಲಿಸಿ, ಹೊಸ ಇಳಕಲ್ ಸೀರೆ ಉಟ್ಟು ಉದಗೀರಕ್ಕೆ ಬಂದಿದ್ದಳು. ಬೆಳಿಗ್ಗೆ ಪರೀಕ್ಷಕನೊಬ್ಬ "ಸ್ಕೋರಿಲ್ಲದ ಆಟ ಆಟವೇ ಅಲ್ಲ" ಎಂದನಂತೆ. ನೀನು ನನ್ನನ್ನು ಒಂದು ಮಾತು ಕೇಳದೆ ಮೂಲೆಯಲ್ಲಿ 'ಕುರಿ: 40' ಎಂದು ಹಚ್ಚಿಬಿಟ್ಟೆ. ಸಭಾಂಗಣದ ಗೋಡೆಯ ಮೇಲೆ ಅದು ಅಷ್ಟು ದೊಡ್ಡದಾಗಿ ಮೂಡಿತು. ಅವ್ವ ಎರಡು ನಿಮಿಷ ನೋಡಿದಳು. ಎದ್ದಳು. ಹೊರಟೇಹೋದಳು. ನಾನು ಹಿಂದೆ ಓಡಿದರೆ ಅವಳು ಆಗಲೇ ಆಟೊ ಹತ್ತಿದ್ದಳು. ಜನರ ಮುಂದೆ ಅವಳಿಗಾದ ಅವಮಾನವನ್ನು ನಾನು ಇವತ್ತಿಗೂ ಮರೆತಿಲ್ಲ. ಕೊನೆಯ ಪರೀಕ್ಷೆಗೆ ಕೂರದೆ ಬಂದದ್ದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ. ಆ ಕಾಲೇಜಿನಲ್ಲಿ ಮತ್ತೆ ಕಾಲಿಡುವುದು ನನ್ನಿಂದ ಆಗುತ್ತಿರಲಿಲ್ಲ.

ಈಗ ಅದೇ ಎಣಿಕೆಯನ್ನು ಮತ್ತೆ ಹಚ್ಚಲು ನನ್ನ ಸಹಿ ಕೇಳುತ್ತೀ. ನಿನ್ನ ಧೈರ್ಯಕ್ಕೆ ಮೆಚ್ಚಬೇಕು!

ಕಾಗದ ವಾಪಸ್ ಇಟ್ಟಿದ್ದೇನೆ, ಸಹಿಯಿಲ್ಲದೆ.

ಸಾರಿಕಾ

*

ನಿಲಂಗಾ
3 ಜುಲೈ 2025

ಸಾರಿಕಾ,

ಅಪ್ಪನಿಗೆ ಮಂಡಿನೋವು, ಮನೆಮನೆಯ ಪೂಜೆಗೆ ಹೋಗುವುದು ಕಷ್ಟವಾಗಿದೆ. ನೋಡಿಕೊಳ್ಳಲು ನಾಲ್ಕು ದಿನ ಬಂದಿದ್ದೇನೆ. ನಿನ್ನ ಕಾಗದವನ್ನು ಇಲ್ಲಿಗೂ ತಂದಿದ್ದೆ. ಅಪ್ಪ ನೋಡಿ, "ದಾಳಿಂಬದ ಹುಡುಗಿದೇನು? ಆಕಿ ಅಕ್ಷರ ಇನ್ನೂ ಹಂಗೇ ಅದ, ಹೊಡದಾಡೋ ಹಂಗ" ಎಂದರು.

ತಪ್ಪು ನನ್ನದು. ಕೇಳದೆ ಹಚ್ಚಿದೆ. ಹದಿನಾಲ್ಕು ವರ್ಷದ ಹಿಂದೆ ಹೇಳಬೇಕಾದ ಮಾತು, ಈಗ ಹೇಳುತ್ತಿದ್ದೇನೆ. ಆಗ ಇಪ್ಪತ್ತು ವರ್ಷದವಳು, ಪರೀಕ್ಷಕರು ಅಂದದ್ದೇ ಸರಿ ಎಂದುಕೊಂಡೆ. ಇಷ್ಟನ್ನೇ ಬರೆದು ಮುಗಿಸಿದರೆ ನಿನಗೆ ಸಮಾಧಾನವಾಗುತ್ತದೆ, ಆದರೆ ನನಗೂ ಹೇಳಲಿಕ್ಕಿದೆ.

ನೀನು ಅವ್ವನ ಅವಮಾನದ ಮಾತು ಬರೆದೆ. ನನ್ನದು? ಎಲ್ಲರ ಎದುರು ನನ್ನ ಕೈಯಿಂದ ಸರ್ಟಿಫಿಕೇಟು ಕಸಿದು ಹರಿದವಳು ನೀನು. "ನೀ ನಮ್ಮ ಅವ್ವನ್ನ ಓಡಿಸ್ದಿ" ಎಂದೆ. "ಅಯ್ನೋರ ಹುಡುಗಿ, ಉಣ್ಣು" ಎಂದು ಅವ್ವ ಬಡಿಸಿದ ರೊಟ್ಟಿ ತಿಂದವಳು ನಾನು, ಸಾರಿಕಾ. ಉಮರ್ಗಾದಿಂದ ಹೈದರಾಬಾದಿನ ಬಸ್ಸಿನಲ್ಲಿ ಹೋಗುವಾಗಲೆಲ್ಲ ದಾಳಿಂಬ ದಾಟುವ ತನಕ ಕಣ್ಣು ಮುಚ್ಚಿ ಕೂತಿರುತ್ತೇನೆ. ಎಲ್ಲಿ ಅವಳು ರಸ್ತೆ ಬದಿಯಲ್ಲಿ ಹಿಂಡಿನ ಜೊತೆ ಕಂಡುಬಿಟ್ಟಾಳೋ ಎಂದು.

ಸಹಿ ಏಕೆ ಬೇಕೆಂದೂ ಹೇಳುತ್ತೇನೆ. ಹದಿನಾಲ್ಕು ವರ್ಷದಿಂದ ಬೇರೆಯವರು ಮಾಡಿದ್ದನ್ನು ಹೇಗೆ ಬಳಸಬೇಕೆಂದು ಹುಡುಗರಿಗೆ ಕಲಿಸುತ್ತಿದ್ದೇನೆ. ನಾನೇ ಮಾಡಿದ ವಸ್ತು ಈ ಲೋಕದಲ್ಲಿ ಒಂದೇ ಇದೆ. ಅದನ್ನು ಸಾವಿರಾರು ಜನ ಆಡುತ್ತಿದ್ದಾರೆ, ಮಾಡಿದವಳು ಯಾರೆಂದು ಒಬ್ಬರಿಗೂ ಗೊತ್ತಿಲ್ಲ. ಒಂದು ಸಲ ನನ್ನ ಹೆಸರು ಅದರ ಮೇಲೆ ಕಾಣಬೇಕು. ಈ ಆಸೆಗೆ ನನಗೆ ನಾಚಿಕೆಯಿಲ್ಲ.

ಮತ್ತೆ, ಎಣಿಕೆ ಎಣಿಕೆ ಎನ್ನುತ್ತೀಯಲ್ಲ, ಯಂತ್ರದ ಒಳಗೆ ಅದು ಇದ್ದೇ ಇದೆ. ಇಲ್ಲದಿದ್ದರೆ ನಾಯಿ ಬೊಗಳುವುದು ಹೇಗೆ? ಒಳಗಿರುವುದನ್ನು ಹೊರಗೆ ತೋರಿಸುವುದು ಅಷ್ಟು ದೊಡ್ಡ ಪಾಪವೇ?

ಕಂಪನಿಯವರು ನನ್ನ ಹಳೆಯ ಸಿ.ಡಿ.ಯಲ್ಲಿದ್ದ ಕೋಡಿನಿಂದ ಮಾದರಿ ಮಾಡಿ ಕಳಿಸಿದ್ದಾರೆ. ಈ ಪಾಕೀಟಿನ ಮೆಮೊರಿ ಕಾರ್ಡಿನಲ್ಲಿದೆ. ಒಮ್ಮೆ ಅವ್ವನಿಗೆ ತೋರಿಸು. ಅವಳೇ ಬೇಡ ಅಂದರೆ ನಾನು ಮತ್ತೆ ಕೇಳುವುದಿಲ್ಲ.

ಉಜ್ವಲಾ

*

ಉಮರ್ಗಾ
10 ಆಗಸ್ಟ್ 2025

ಉಜ್ವಲಾ,

ಉತ್ತರಕ್ಕೆ ಒಂದು ತಿಂಗಳು ಮೇಲಾಯಿತು. ಮೊದಲು ಸಿಟ್ಟಿನಿಂದ ಬರೆಯಲಿಲ್ಲ. ಆಮೇಲೆ ಬರೆಯಲು ಮುಖವಿರಲಿಲ್ಲ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ಯಂತ್ರದ ಒಳಗೆ ಎಣಿಕೆ ಇದೆಯೆಂದು ನನಗೂ ಗೊತ್ತು. ಅವ್ವನ ಒಳಗೂ ಇರಬಹುದು. ಅವಳು ಅದನ್ನು ಬಾಯಿಗೆ ತರುವುದಿಲ್ಲ, ತಂದರೆ ಆಮೇಲೆ ಮುಖ ನೋಡುವುದನ್ನು ಬಿಟ್ಟುಬಿಡುತ್ತೇವೆ ಎಂದು. ಇದನ್ನು ನಾನು ಮೊದಲೇ ಹೀಗೆ ಹೇಳುತ್ತಿದ್ದೆ ಅಂದುಕೊಳ್ಳಬೇಡ. ಹೋದ ಭಾನುವಾರದಿಂದ ಮಾತ್ರ ಹೇಳಲು ಬರುತ್ತಿದೆ.

ಭಾನುವಾರ ಅಂಗಡಿ ಮುಚ್ಚಿ ದಾಳಿಂಬಕ್ಕೆ ಹೋದೆ. ಎಲ್ಲ ಕಡೆ ಸೋಯಾ, ತೊಗರಿ ಎದ್ದಿದೆ. ಹಿಂಡಿಗೆ ಈಗ ಹಳ್ಳದ ದಂಡೆಯೇ ಗತಿ. ತಮ್ಮ ಸುನಿಲ ಕುರಿಗಳ ಜೊತೆ ಕೆಳಗಿದ್ದ. ಅವ್ವ ಬೇವಿನ ಬುಡದಲ್ಲಿ ಕೂತಿದ್ದಳು. ನಿನ್ನ ಕಾರ್ಡನ್ನು ಹಾಕಿ ಫೋನನ್ನು ಅವಳ ಕೈಗೆ ಕೊಟ್ಟೆ. ಖರೆ ಹೇಳುತ್ತೇನೆ, ಅವಳು ಅದನ್ನು ಎತ್ತಿ ಹಳ್ಳಕ್ಕೆ ಒಗೆಯಲಿ ಎಂದೇ ಕೊಟ್ಟೆ. ಒಗೆದರೆ ಅದನ್ನು ನಿನಗೆ ಬರೆಯುವ ಆಸೆಯಿತ್ತು.

"ಅವ್ವಾ, ನೋಡು. ಮತ್ತ ಎಣಿಕಿ ಹಚ್ಯಾರ" ಎಂದೆ.

ಅವಳು ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ನಾನು ಹಿಂಡನ್ನು ಆ ಕಡೆ ಈ ಕಡೆ ಹೊಡೆದು ತೋರಿಸಿದೆ. ಕೊನೆಗೆ ಅವಳು, "ಇವತ್ತೂ ಆಕಿ ಬಂದಿಲ್ಲಲ್ಲ" ಎಂದಳು.

"ಯಾರು?"

"ಕರಿಕಿವಿ."

"ಯಾವ ಕರಿಕಿವಿ ಅವ್ವಾ?"

"ಎಷ್ಟು ಕರಿಕಿವಿ ಇದ್ವು ನಮ್ಮನ್ಯಾಗ? ನಿನ್ನ ಹಿಂದಿಂದೇ ತಿರಗತಿದ್ಳಲ್ಲ, ಆಕಿ. ಅವತ್ತೂ ಇರಲಿಲ್ಲ. ಉದಗೀರ್ದಾಗ ಗ್ವಾಡಿ ಮ್ಯಾಲ ತೋರ್ಸಿದ್ರಿ ನೋಡು, ಅವತ್ತು. ಎಲ್ಲಾರ ಮಾರಿ ನೋಡ್ದೆ. ಬಿಳಿಮೂತಿ ಅದಾಳ, ಕುಂಟಿ ಅದಾಳ, ಚಿಕ್ಕಿ ಅದಾಳ. ಈಕಿ ಇಲ್ಲ. ನನ್ನ ಜೀವ ಧಸಕ್ ಅಂತು. ಹಿಂಡು ಸುನಿಲನ ಕೈಯಾಗ ಬಿಟ್ಟು ಬಂದಿದ್ದೆ, ಅಂವಾ ಸಣ್ಣಾಂವ. ಆಕಿಗಿ ಏನರೆ ಆಗ್ಯಾದೋ ಏನೋ ಅಂತ ಎದ್ದು ಬಂದೆ."

"ಮತ್ತ?" ಎಂದೆ.

"ಮತ್ತೇನು! ಬಂದು ನೋಡ್ದ್ರ ಹಟ್ಯಾಗ ಮೆಲುಕು ಹಾಕ್ಕೋತ ಕುಂತಾಳ ರಾಣಿ. ನೀ ಯಾಕ ಓಡಿ ಬಂದಿ ಅನ್ನೋ ಹಂಗ ನನ್ನೇ ನೋಡ್ಲತ್ತಾಳ."

"ಎಣಿಕಿ ಹಚ್ಯಾರ ಅಂತ ಸಿಟ್ಟಾಗಿ ಎದ್ದು ಹೋಗ್ಲಿಲ್ಲೇನು ನೀ?"

ಅವ್ವ ನನ್ನ ಮುಖ ನೋಡಿದಳು. "ಯಾವ ಎಣಿಕಿ?" ಎಂದಳು.

ಉಜ್ವಲಾ, ಅವಳು ಆ ಅಂಕಿಯನ್ನು ನೋಡಿರಲೇ ಇಲ್ಲ. ಅವತ್ತೂ ಇಲ್ಲ, ಹೋದ ಭಾನುವಾರವೂ ಇಲ್ಲ. ಗೋಡೆಯ ಮೇಲೆ ನನ್ನ ಗೇಣುದ್ದ ಮೂಡಿದ್ದ 'ಕುರಿ: 40' ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ. ಹದಿನಾಲ್ಕು ವರ್ಷ ನಾನು ಅವಳ ಸಿಟ್ಟನ್ನು ಹೊತ್ತು ತಿರುಗಿದೆ, ಮತ್ತು ಅವಳಿಗೆ ಸಿಟ್ಟೇ ಬಂದಿರಲಿಲ್ಲ. ಒಮ್ಮೆಯೂ ಕೇಳಲಿಲ್ಲ ನಾನು. ಉತ್ತರ ಗೊತ್ತಿದೆ ಎಂದುಕೊಂಡಿದ್ದೆ.

ಇನ್ನೂ ಒಂದಿದೆ, ಅದನ್ನು ಬರೆಯಲು ಕೈ ಬರುತ್ತಿಲ್ಲ. ಕರಿಕಿವಿಯನ್ನು ಬರೆದವಳು ನಾನು. ಸಾವಿರಾರು ಕಾರ್ಡಿಗೆ ಈ ಆಟ ಹಾಕಿದವಳು ನಾನು. ಅವಳು ಹಿಂಡಿನಲ್ಲಿ ಇಲ್ಲ ಎಂದು ನನಗೆ ಒಂದು ದಿನವೂ ತಿಳಿಯಲಿಲ್ಲ. ನಿನ್ನ ಅಂಕಿಯನ್ನು ಅಷ್ಟು ಬೈದ ನಾನೂ ಅವತ್ತು ಅಂಕಿಯನ್ನೇ ನೋಡುತ್ತಿದ್ದೆ.

ನಿನ್ನ ಸರ್ಟಿಫಿಕೇಟು ಹರಿದದ್ದು ತಪ್ಪು. ನಿನಗೆ ಅಂದದ್ದು ಅದಕ್ಕಿಂತ ತಪ್ಪು.

ಆದರೂ ಸಹಿ ಮಾಡುವುದಿಲ್ಲ. ಈಗಂತೂ ಮಾಡುವುದೇ ಇಲ್ಲ. ಅವಳು ಎಲ್ಲಿ ಹೋದಳು, ಅದನ್ನು ನೋಡು ಮೊದಲು.

ಸಾರಿಕಾ

*

ಉದಗೀರ
19 ಆಗಸ್ಟ್ 2025

ಸಾರಿಕಾ,

ನಿನ್ನ ಕಾಗದವನ್ನು ಕ್ಲಾಸಿನಲ್ಲೇ ಒಡೆದೆ. ಹುಡುಗಿಯರು "ಮ್ಯಾಡಂ, ಯಾಕ್ರೀ?" ಎಂದು ಎದ್ದು ಬಂದರು. ಏನು ಹೇಳಲಿ? ಒಂದು ಕುರಿ ಕಳೆದುಹೋಗಿದೆ ಎಂದೆ.

ಸಿಕ್ಕಿದಳು.

ನೀನು ನಲವತ್ತು ಕುರಿಗಳ ಚಿತ್ರ ಕೊಟ್ಟಿದ್ದೆ. ನಾನು ಅವನ್ನು ಸಾಲಾಗಿ ನಿಲ್ಲಿಸಿ, ಒಂದನೆಯದರಿಂದ ಹಿಡಿದು ಒಂದೊಂದಾಗಿ ಹೊಲಕ್ಕೆ ಬಿಡು ಎಂದು ಯಂತ್ರಕ್ಕೆ ಬರೆದೆ. ಯಂತ್ರದ ಲೆಕ್ಕ ಶುರುವಾಗುವುದು ಸೊನ್ನೆಯಿಂದ. ಸೊನ್ನೆಯ ಜಾಗದಲ್ಲಿ ನಿಂತವಳನ್ನು ಅದು ಬಿಡಲೇ ಇಲ್ಲ. ಹೊಲಕ್ಕೆ ಬಿಟ್ಟವರೆಲ್ಲ ಮರಳಿದರೆ ನಾಯಿ ಬೊಗಳುತ್ತದೆ, ಬಿಡದವಳನ್ನು ಅದೂ ಕಾಯಲಿಲ್ಲ. ನೀನು ಮೊದಲು ಬರೆದದ್ದು ಕರಿಕಿವಿಯನ್ನೇ ಅಲ್ಲವೇ? ಸಾಲಿನ ತುದಿಯಲ್ಲಿ ಅವಳೇ ನಿಂತಿದ್ದಾಳೆ, ಇವತ್ತಿಗೂ. ಮೊದಲ ವರ್ಷದವರು ಮಾಡುವ ತಪ್ಪು ಇದು. ನನ್ನ ಕ್ಲಾಸಿನಲ್ಲಿ ಯಾರಾದರೂ ಮಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ.

ಮೂಲೆಯ ಅಂಕಿ ಮಾತ್ರ ನಲವತ್ತು ಎನ್ನುತ್ತಿತ್ತು. ಏಕೆಂದರೆ ನಲವತ್ತು ಎಂದು ನಾನೇ ಬರೆದುಕೊಟ್ಟಿದ್ದೆ. ಅದು ಕುರಿಗಳ ಕಡೆ ತಿರುಗಿ ನೋಡಿರಲೇ ಇಲ್ಲ. ಪರೀಕ್ಷಕರು ಅಂಕಿಯನ್ನು ನೋಡಿ ಬಹುಮಾನ ಕೊಟ್ಟರು, ನಾನು ಅಂಕಿಯನ್ನು ನೋಡಿ ಹಿಗ್ಗಿದೆ, ನೀನು ಅಂಕಿಯನ್ನು ನೋಡಿ ಉರಿದೆ. ಆ ತುಂಬಿದ ಸಭಾಂಗಣದಲ್ಲಿ ಕುರಿಗಳನ್ನು ನೋಡಿದವಳು ಒಬ್ಬಳೇ, ಮತ್ತು ಅವಳು ಬಸ್ಸು ಹಿಡಿದು ಹುಡುಕಲು ಹೋದಳು.

ಸಿಟ್ಟೂ ಬಂದಿದೆ, ಮುಚ್ಚಿಡುವುದಿಲ್ಲ. ನೀನು ಅವ್ವನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಒಂದೇ ಮಾತು. ನಿನ್ನ ಡಿಪ್ಲೊಮಾ, ನನ್ನ ಇಷ್ಟು ವರ್ಷ, ಎಲ್ಲ ಉಳಿಯುತ್ತಿತ್ತು. ನಾಲ್ಕು ದಿನ ನಿನ್ನನ್ನು ಮನಸ್ಸಿನಲ್ಲೇ ಬೈದೆ. ಐದನೆಯ ದಿನ "ಯಾವ ಎಣಿಕಿ?" ನೆನಪಾಗಿ ನಗು ಬಂತು. ನಗುತ್ತ ಅತ್ತೆ.

ತಪ್ಪನ್ನು ತಿದ್ದಲು ಒಂದು ನಿಮಿಷ ಸಾಕು. ಶೈಲೇಶರಿಗೆ ಹೇಳಿ ತಿದ್ದಿಸಿಬಿಡಲೇ? ಅವರು ಈ ತಿಂಗಳ ಕೊನೆಗೆ ಉತ್ತರ ಬೇಕೆನ್ನುತ್ತಿದ್ದಾರೆ. ನನಗೆ ಇನ್ನೂ ಮನಸ್ಸು ಎರಡಾಗಿದೆ. ಹೆಸರಿನ ಆಸೆ ಅಷ್ಟು ಬೇಗ ಹೋಗುವುದಿಲ್ಲ ನೋಡು.

ಉಜ್ವಲಾ

*

ಉಮರ್ಗಾ
24 ಆಗಸ್ಟ್ 2025

ಉಜ್ವಲಾ,

ತಿದ್ದಬೇಡ. ಅವರಿಗೆ ಹೇಳಲೂ ಬೇಡ.

ಒಂದು ಪ್ರಶ್ನೆ ಕೇಳು: "ಹಿಂಡಿನಲ್ಲಿ ಒಬ್ಬಳು ಇಲ್ಲ. ಯಾರು?" ಮೋಸದ ಪ್ರಶ್ನೆಯಲ್ಲ. ಕರಿಕಿವಿ ಆಟದ ಮೊದಲ ಚಿತ್ರದಲ್ಲೇ ಅವ್ವನ ಪಕ್ಕ ನಿಂತಿದ್ದಾಳೆ. ನೀನೇ ಬರೆದಂತೆ ಜನ ಅವಳನ್ನು ಎದೆಯ ಮೇಲೆ ಹಾಕಿಕೊಂಡು ತಿರುಗುತ್ತಿದ್ದಾರೆ. ಕಣ್ಣಿದ್ದವರು ಹೇಳಬಹುದು.

ಅವರು ಉತ್ತರ ಹೇಳಿದರೆ ಮೂಲೆಯಲ್ಲಿ ಒಂದಲ್ಲ, ಹತ್ತು ಅಂಕಿ ಹಚ್ಚಿಕೊಳ್ಳಲಿ. ಬೀರಪ್ಪನಾಣೆ, ಬಂದು ಸಹಿ ಮಾಡುತ್ತೇನೆ. ಹೇಳದಿದ್ದರೆ ನೀನು ಏನು ಮಾಡುತ್ತೀಯೋ ಅದು ನಿನಗೆ ಬಿಟ್ಟದ್ದು. ನಾನು ಮತ್ತೆ ಒಂದು ಸರ್ಟಿಫಿಕೇಟು ಹರಿಯುವವಳಲ್ಲ.

ನನ್ನ ಹಳೆಯ ಕಾರ್ಡನ್ನು ಇದರಲ್ಲಿ ಕಳಿಸಿದ್ದೇನೆ. ಎಣಿಕೆ ಇಲ್ಲದ ಆಟ, ನಾನು ಬರೆದ ಚಿತ್ರಗಳು, ಅವ್ವನ ಕೂಗಿನ ಪೂರ್ತಿ ರೆಕಾರ್ಡು, ಎಲ್ಲ ಅದರಲ್ಲಿದೆ. ಕೂಗಿನ ಕೊನೆಯಲ್ಲಿ ನೀನು ಕೆಮ್ಮಿದ್ದು ಕೇಳುತ್ತದೆ. ಅದನ್ನು ತೆಗೆಯಬೇಡ.

ಸಾರಿಕಾ

*

ಉದಗೀರ
20 ಸೆಪ್ಟೆಂಬರ್ 2025

ಸಾರಿಕಾ,

ಕೇಳಿದೆ. ಶೈಲೇಶರು ಮೊದಲು ನಕ್ಕರು, ಆಮೇಲೆ ಎಂಟು ದಿನ ಕೊಡಿ ಎಂದರು. ಎಂಟು ಹದಿನೈದಾಯಿತು. ಕೊನೆಗೆ ವೀಡಿಯೊ ಕರೆಯಲ್ಲಿ ಅವರ ಕಡೆಯ ಏಳು ಜನ ಸಾಲಾಗಿ ಕೂತರು. ಒಬ್ಬ ಪಟ್ಟಿ ಹಿಡಿದಿದ್ದ.

"ಮ್ಯಾಡಂ, ಪೂರ್ತಿ ಪರೀಕ್ಷೆ ಮಾಡಿದ್ದೇವೆ. ಯಾರೂ ಕಡಿಮೆಯಿಲ್ಲ, ನಲವತ್ತೂ ಇವೆ" ಎಂದು ಮರಾಠಿಯಲ್ಲಿ ಹೇಳಿದ.

"ನೋಡಿದ್ರಾ?" ಎಂದೆ.

"ನೋಡಿದೆವು. ಕೌಂಟರ್ ನಲವತ್ತು ತೋರಿಸುತ್ತದೆ."

ಅವನ ಅಂಗಿಯ ಮೇಲೆ ಅವ್ವನ ಚಿತ್ರವಿತ್ತು, ಸಾರಿಕಾ. ಪಕ್ಕದಲ್ಲಿ ಕರಿಕಿವಿ ಕೂಡ. ಅವಳು ನನ್ನನ್ನೇ ನೋಡುತ್ತಿದ್ದಳು.

ಅವತ್ತು ಆ ಸಭಾಂಗಣದಲ್ಲಿ ನಾನೂ ಹಾಗೆಯೇ ಕೂತಿದ್ದೆ. ಆಗಲೇ ಬೇಡ ಎಂದುಬಿಡಬಹುದಿತ್ತು. ಅನ್ನಲಿಲ್ಲ. ನಾಳೆ ಹೇಳುತ್ತೇನೆಂದು ಇಟ್ಟು ನಿಲಂಗಾಕ್ಕೆ ಹೋದೆ. ಅಪ್ಪನಿಗೆ ಎಲ್ಲ ಹೇಳಿದೆ, ಹೆಸರಿನ ಆಸೆಯನ್ನೂ. ಅವರು ಮಂಡಿಗೆ ಎಣ್ಣೆ ತಿಕ್ಕುತ್ತ ಕೇಳಿ, "ಒಂದು ಹೇಳು ತಂಗಿ. ಆವಾಗ ಹೆಸರು ಬರ್ಲಿ ಅಂತ ಮಾಡಿದ್ರೋ, ಕುರಿ ಮನಿಗಿ ಬರ್ಲಿ ಅಂತ ಮಾಡಿದ್ರೋ?" ಎಂದರು.

ಮರುದಿನ ಶೈಲೇಶರಿಗೆ ಬೇಡ ಎಂದೆ. ಅವರು ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತೇವೆ ಎಂದರು. ಬೇಡ ಎಂದೆ. ಎಣಿಕೆಯನ್ನು ಸಣ್ಣದು ಮಾಡುತ್ತೇವೆ ಎಂದರು. ಬೇಡ ಎಂದೆ. "ಸ್ಕೋರಿಲ್ಲದ ಆಟವನ್ನು ಯಾರೂ ಬಹಳ ದಿನ ಆಡುವುದಿಲ್ಲ ಮ್ಯಾಡಂ" ಎಂದರು. "ಹದಿನಾಲ್ಕು ವರ್ಷ ಆಡ್ಯಾರ್ರೀ" ಎಂದು ಕನ್ನಡದಲ್ಲೇ ಹೇಳಿ ಇಟ್ಟೆ. ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಅವತ್ತು ಪರೀಕ್ಷಕನಿಗೆ ಹೇಳಬೇಕಾಗಿದ್ದ ಮಾತು ಅದು.

ಇನ್ನು ನಾವೇ ಹೊರಬಿಡೋಣ. ಸುಮ್ಮನೆ, ಯಾರು ಬೇಕಾದರೂ ಆಡಲಿ. ನಿನ್ನ ಕಾರ್ಡಿನಿಂದ ತೆಗೆದು, ಸೊನ್ನೆಯವಳಿಗೆ ಬಾಗಿಲು ತೆರೆದಿದ್ದೇನೆ. ಬೇರೇನೂ ಮುಟ್ಟಿಲ್ಲ, ನನ್ನ ಕೆಮ್ಮನ್ನೂ. ಕೊನೆಯಲ್ಲಿ ಹೆಸರುಗಳಿವೆ: ಅಂಜನಾಬಾಯಿ, ಸಾರಿಕಾ, ಉಜ್ವಲಾ. ಅವ್ವನದು ಮೊದಲು. ಯಾರು ಮರಳಿದ್ದಾರೆಂದು ಎಲ್ಲಿಯೂ ಬರೆದಿಲ್ಲ. ನೋಡಿದವರಿಗೆ ಕಾಣಲಿ.

ದಸರೆಯ ದಿನ ಬಿಡುತ್ತೇನೆ. ಬೇಡವೆನ್ನುವುದಿದ್ದರೆ ತಕ್ಷಣ ಬರೆ.

ನಿನ್ನ
ಉಜ್ವಲಾ

*

ಉಮರ್ಗಾ
2 ನವೆಂಬರ್ 2025

ಉಜ್ವಲಾ,

ಬೇಡವೆನ್ನುವುದಿರಲಿಲ್ಲ, ಅದಕ್ಕೇ ಬರೆಯಲಿಲ್ಲ. ಬಿಟ್ಟ ದಿನವೇ ಅಂಗಡಿಗೆ ಬಂದವರ ಫೋನಿಗೆಲ್ಲ ಹಾಕತೊಡಗಿದೆ. ಕೇಳಲಿ ಬಿಡಲಿ.

ಮೂರು ದಿನ ಯಾರೂ ಏನೂ ಅನ್ನಲಿಲ್ಲ. ನಾಲ್ಕನೆಯ ದಿನ ಜಳಕೋಟದಿಂದ ಕಸ್ತೂರಬಾಯಿ ಎಂಬ ಹೆಂಗಸಿನ ಫೋನು. ಅವರೂ ಕುರಿಯವರೇ. ಮಗಳ ಫೋನಿನಲ್ಲಿ ಹಳೆಯ ಆಟವನ್ನು ದಿನಾ ಆಡುತ್ತಿದ್ದರಂತೆ. ಆ ಮಗಳು ಅಂಗಡಿಗೆ ಬಂದಾಗ ನಾನೇ ಹೊಸದನ್ನು ಹಾಕಿ ಕಳಿಸಿದ್ದೆ. "ಯವ್ವಾ, ನನ್ನ ಹಿಂಡಿನ್ಯಾಗ ಯಾರ್ದೋ ಕುರಿ ಬಂದು ಕೂಡ್ಯದ, ಕರಿ ಕಿವಿದು. ನಿಮ್ದೇನು?" ಎಂದು ಗಾಬರಿಯಿಂದ ಕೇಳಿದರು. ನಮ್ಮದೇ, ಇಷ್ಟು ದಿನ ಬೇರೆ ಕಡೆ ಇದ್ದಳು ಎಂದೆ. "ಹೌದೇನು, ಮತ್ತ ನಾ ಹೊಡೆದು ಹೊರಗ ಹಾಕ್ಲತ್ತಿದ್ದೆ ನೋಡು" ಎಂದರು. ಪುಣೆಯ ಏಳು ಜನಕ್ಕೆ ಹದಿನೈದು ದಿನದಲ್ಲಿ ಕಾಣದವಳು ಕಸ್ತೂರಬಾಯಿಗೆ ಹೊಲಕ್ಕೆ ಕಾಲಿಟ್ಟೊಡನೆ ಕಂಡಳು. ನಿನ್ನ ದೂರದೇಶದವನಿಗೂ ಮೊನ್ನೆ ಕಂಡಿದ್ದಾಳೆ. ಆಡುವುದನ್ನು ನಿಲ್ಲಿಸಿ ಸುಮ್ಮನೆ ನೋಡುತ್ತ ಕೂತುಬಿಟ್ಟ.

ನಿನ್ನೆ ನಾನು ದಾಳಿಂಬದಲ್ಲಿದ್ದಾಗ ಶೈಲೇಶನ ಕರೆ ಬಂತು. ಆಟಕ್ಕೆ ಇನ್ನಷ್ಟು ಜನ ಸೇರಿದ್ದನ್ನು ಅವನೂ ನೋಡಿದ್ದಾನೆ. ನಾನು ಫೋನನ್ನು ದೊಡ್ಡ ದನಿಗೆ ಇಟ್ಟಿದ್ದೆ. ಬೇರೆ ಮಾತೆಲ್ಲ ಮುಗಿದ ಮೇಲೆ ಅವನು, "ಅಲ್ಲ, ಈಗ ಅದರಲ್ಲಿ ಒಟ್ಟು ಎಷ್ಟು ಕುರಿ ಇವೆ, ಅದಾದರೂ ಹೇಳಿ" ಎಂದ. ಅವ್ವನಿಗೆ ಅಷ್ಟು ಮರಾಠಿ ಬರುತ್ತದೆ. ನನ್ನ ಕೈಯಿಂದ ಫೋನು ತೆಗೆದುಕೊಂಡು, "ಬಂದು ನೋಡ್ಕೊಂಡು ಹೋಗಪ್ಪಾ" ಎಂದು ವಾಪಸ್ ಕೊಟ್ಟಳು. ಅವನು ಏನೆಂದನೋ ನಾನು ಕೇಳಲಿಲ್ಲ, ನಕ್ಕು ಸಾಕಾಗಿತ್ತು.

ಆಮೇಲೆ ಅವಳಿಗೆ ಆಟ ತೋರಿಸಿದೆ. ಈ ಸಲ ಅವಳೇ ಆಡಿದಳು. ಬೆರಳು ಮೆತ್ತಗಿಲ್ಲ, ಪರದೆ ಹೇಳಿದ ಹಾಗೆ ಕೇಳುವುದಿಲ್ಲ, ಅದನ್ನು ಬೈಯುತ್ತ ಬೈಯುತ್ತ ಹಿಂಡನ್ನು ಹಟ್ಟಿಗೆ ತಂದಳು. ಫೋನಿನಲ್ಲಿ ಅವಳದೇ ಕೂಗು ಕೇಳಿತು, ನಿನ್ನ ಕೆಮ್ಮು ಕೇಳಿತು, ನಾಯಿ ಬೊಗಳಿತು. ಕೆಳಗಿದ್ದ ನಮ್ಮ ನಾಯಿಯೂ ಎದ್ದು ಬೊಗಳಿತು. ಅವ್ವ ಮಾತ್ರ ಗೆದ್ದೆ ಎನ್ನಲಿಲ್ಲ. ಹಟ್ಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. ಕರಿಕಿವಿಯ ಮೇಲೆ ಬೆರಳಿಟ್ಟು, "ಬಂದಿ, ಅವ್ವಾ" ಎಂದಳು.

"ಎಲ್ಲಾರೂ ಬಂದಾರೇನು?" ಎಂದು ಕೇಳಿದೆ.

ಅವಳು ಫೋನಿನಿಂದ ಕಣ್ಣೆತ್ತಿ ನನ್ನನ್ನೂ, ನನ್ನ ಪಕ್ಕದ ಖಾಲಿ ಜಾಗವನ್ನೂ ನೋಡಿದಳು.

"ಇಲ್ಲ. ಅಯ್ನೋರ ಹುಡುಗಿ ಇನ್ನೂ ಬಂದಿಲ್ಲ."

ಉಮರ್ಗಾ ನಿಲ್ದಾಣದ ಎದುರು ಇಳಿ. ದಾಳಿಂಬಕ್ಕೆ ಶೇರ್ ಆಟೊ ಅಲ್ಲಿಂದಲೇ ಸಿಗುತ್ತದೆ, ನಾನು ಜೊತೆಗೆ ಬರುತ್ತೇನೆ. ಯಾವಾಗ ಬರುತ್ತೀ ಎಂದು ಫೋನ್ ಮಾಡಬೇಡ. ನಿನ್ನ ನಂಬರು ಬ್ಲಾಕ್ ಆಗಿಯೇ ಇದೆ, ನೀನು ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ ತೆಗೆಯುತ್ತೇನೆ.

ಸಾರಿಕಾ